ಕಳ್ಳ ಕುಬಸದ ಬುತ್ತಿ

"ಅತ್ತಿ, ನಿಮ್ಮ ಜೋಡಿ ಬರಾಕ ಇವತ್ತೂ ನಂಗ ಆಗಂಗಿಲ್ರಿ," ಅಂದಳು ಸೊಸೆ ನಾಗರತ್ನಾ, ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಾ. ಅವಳು ಕುಕ್ ಟೌನಿನ ಒಂದು ಬಂಗಲೆಯಲ್ಲಿ ಮನೆಗೆಲಸ ಮಾಡುತ್ತಿದ್ದಳು. ಜೊತೆಯವಳು ಜ್ವರ ಅಂತ ಮಲಗಿದ್ದರಿಂದ ಈ ವಾರ ಅವಳಿಗೆ ಒಂದು ದಿನವೂ ಬಿಡುವು ಸಿಕ್ಕಿರಲಿಲ್ಲ. "ಒಂದ್ ಕೆಲಸ ಮಾಡೂನು. ನೀವು ಬುತ್ತಿ ಕಟ್ಟಿ ಇಡ್ರಿ. ಗಾಡಿ ಮ್ಯಾಲ ಪಾರ್ಸಲ್ ಒಯ್ತಾರಲ್ಲ, ಅವರ ಕೈಯಾಗ ಕಳಿಸಿಬಿಡೂನು. ಫೋನಿನ್ಯಾಗ ಒತ್ತಿದ್ರ ಸಾಕು, ಗಳಿಗಿನ್ಯಾಗ ಸುಕನ್ಯಾನ ಮನಿ ಮುಟ್ಟತೈತಿ."

ಸುಭದ್ರಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಕುಬಸ ಅಂದ್ರ ಬಿರ್ಯಾನಿ ಅಂತ ತಿಳದೀಯೇನ ತಂಗಿ? ಹೋಗು, ನಿನ್ನ ಕೆಲಸಕ್ಕ ನೀ ಹೋಗು."

ನಾಗರತ್ನಾ ನಕ್ಕಳು, ನಕ್ಕದ್ದಕ್ಕೆ ತಾನೇ ಪೆಚ್ಚಾದಳು, ಬಸ್ಸು ತಪ್ಪುತ್ತದೆ ಅಂತ ಮೆಟ್ಟಿಲಿಳಿದು ಓಡಿದಳು. ಮಗ ದುರ್ಗೇಶ ಬೆಳಗಾಗುವ ಮುಂಚೆಯೇ ಕ್ಯಾಬ್ ತೆಗೆದುಕೊಂಡು ವಿಮಾನ ನಿಲ್ದಾಣದ ಕಡೆ ಹೋಗಿದ್ದ. ರಾಮಮೂರ್ತಿ ನಗರದ ಆ ಬಾಡಿಗೆ ಕೋಣೆಯಲ್ಲಿ ಸುಭದ್ರಮ್ಮ ಒಬ್ಬಳೇ ಉಳಿದಳು. ಎದುರಿಗೆ ನಸುಕಿನಲ್ಲಿ ಎದ್ದು ಮಾಡಿದ ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ.

ರಾಯಚೂರು ಸೀಮೆಯವರಿಗೆ ಕಳ್ಳ ಕುಬಸ ಅಂದರೆ ಬಿಡಿಸಿ ಹೇಳಬೇಕಿಲ್ಲ, ಬೆಂಗಳೂರಿನವರಿಗೆ ಹೇಳಬೇಕು. ಬಸುರಿಗೆ ಐದನೇ ತಿಂಗಳು ಮುಗಿಯುವುದರೊಳಗೆ ಹೆತ್ತ ತಾಯಿ ಒಂದು ಹಸಿರು ಕುಬಸದ, ಅಂದರೆ ರವಿಕೆಯ, ಬಟ್ಟೆ, ಒಂದಿಷ್ಟು ಬುತ್ತಿ ಕಟ್ಟಿಕೊಂಡು ಮಗಳ ಮನೆಗೆ ಸದ್ದಿಲ್ಲದೆ ಹೋಗಬೇಕು. ವಾಲಗ ಇಲ್ಲ, ಮಂದಿ ಇಲ್ಲ. ಗಂಡಸರ ಕಿವಿಗೆ ಬೀಳಬಾರದು. ದಾರಿಯಲ್ಲಿ ಯಾರಾದರೂ ಎಲ್ಲಿಗೆ ಹೊರಟೆ, ಏನು ಒಯ್ಯುತ್ತಿದ್ದೀ ಅಂತ ಕೇಳಿದರೆ ಬಾಯಿ ಬಿಡಬಾರದು. ಸುಭದ್ರಮ್ಮನ ಮನೆತನದಲ್ಲಿ ಇನ್ನೂ ಕಟ್ಟುನಿಟ್ಟು: ಹೊಸಿಲು ದಾಟಿ ಮಗಳ ಬಾಯಿಗೆ ಮೊದಲ ತುತ್ತು ಇಡುವ ತನಕ ಆ ಮಗಳಿಗೂ ಹೇಳುವಂತಿಲ್ಲ. ತುತ್ತು ಇಟ್ಟ ಮೇಲೆ ಊರಿಗೆಲ್ಲ ಡಂಗುರ ಹೊಡೆದರೂ ಅಡ್ಡಿಯಿಲ್ಲ. ಏಳನೇ ತಿಂಗಳಿನ ದೊಡ್ಡ ಕುಬಸಕ್ಕೆ ಎಲ್ಲರೂ ಬಂದು ಉಂಡು ಹೋಗುತ್ತಾರೆ. ಇದು ತಾಯಿಗೂ ಮಗಳಿಗೂ ಬಿಟ್ಟದ್ದು.

ನಾಳೆ ಅಮಾವಾಸ್ಯೆ. ಅದು ದಾಟಿದರೆ ಮಗಳು ಸುಕನ್ಯಳಿಗೆ ಆರನೇ ತಿಂಗಳು ಬೀಳುತ್ತದೆ, ಆಮೇಲೆ ಕಳ್ಳ ಕುಬಸ ಮಾಡಿದರೂ ಒಂದೇ, ಬಿಟ್ಟರೂ ಒಂದೇ.

ಹೋದ ವರ್ಷ ಬಿಟ್ಟದ್ದೇ ಆಗಿತ್ತು. ಮಗಳಿಗೆ ಮೊದಲ ಸಲ ಬಸಿರು ನಿಂತಾಗ ಸುಭದ್ರಮ್ಮ ಕಾಲಿಗೆ ಸಿಮೆಂಟು ಪಟ್ಟಿ ಹಾಕಿಸಿಕೊಂಡು ಮಲಗಿದ್ದಳು. ಹಾಲಿನ ಅಂಗಡಿಯ ಮುಂದೆ ಫುಟ್‌ಪಾತಿನ ಚಪ್ಪಡಿ ಕಿತ್ತುಹೋಗಿ, ಯಾರೋ ಪುಣ್ಯಾತ್ಮರು ಅದರ ಮೇಲೆ ಹಳೇ ಪ್ಲೈವುಡ್ ತುಂಡು ಮುಚ್ಚಿದ್ದರು. ಇವಳು ಕಾಲಿಟ್ಟಳು, ಪ್ಲೈವುಡ್ ಒಳಗೆ ಹೋಯಿತು, ಇವಳ ಕಾಲೂ ಹೋಯಿತು. ಅವಳು ಹಾಗೆ ಬಿದ್ದುಕೊಂಡಿದ್ದಾಗಲೇ ಅತ್ತ ಸುಕನ್ಯಳ ಬಸಿರು ಇಳಿದುಹೋಯಿತು. ಅಳಿಯ ಈರೇಶನ ತಾಯಿ ಊರಿನಿಂದ ಫೋನು ಮಾಡಿ, "ತವರಿನ ತುತ್ತು ಬೀಳಲಿಲ್ಲ, ಅದಕ್ಕ ನಿಲ್ಲಲಿಲ್ಲ," ಅಂದಳು. ಬೈದು ಅಂದದ್ದಲ್ಲ, ಸಹಜವಾಗಿಯೇ ಅಂದದ್ದು. ಸುಭದ್ರಮ್ಮನಿಗೆ ಅದು ನಿಜ ಅನ್ನಿಸಿರಲಿಲ್ಲ. ಆದರೆ ಸುಳ್ಳು ಅಂತಲೂ ಅನ್ನಿಸಿರಲಿಲ್ಲ. ಆ ಮಾತು ಎದೆಯಲ್ಲಿ ಮುರಿದ ಮುಳ್ಳಾಗಿ ಕೂತಿತ್ತು.

ಈ ಸಲ ಡಾಕ್ಟರು ಸುಕನ್ಯಳ ಗರ್ಭಚೀಲದ ಬಾಯಿಗೆ ಹೊಲಿಗೆ ಹಾಕಿದ್ದರು. ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಈರೇಶ ಪಾಪ, ಅದಕ್ಕೇ ಅಂತ ಟಿನ್ ಫ್ಯಾಕ್ಟರಿಯ ಆಚೆ, ಉದಯನಗರದ ಒಂದು ವಠಾರದಲ್ಲಿ ನೆಲಮಟ್ಟದ ಕೋಣೆ ಹುಡುಕಿ ಹೆಂಡತಿಯನ್ನು ಇಟ್ಟಿದ್ದ.

ಇನ್ನು ಮಗ ದುರ್ಗೇಶನ ಆಜ್ಞೆ ಬೇರೆ. ಕಾಲು ಕೂಡಿದ ಮೇಲೆ, "ಯವ್ವಾ, ಇನ್ನ ಒಬ್ಬಾಕಿ ಹೊರಗ ಹೋಗಬ್ಯಾಡ. ಏನ್ ಬೇಕು ನಂಗ ಹೇಳು, ತಂದು ಕೊಡ್ತೀನಿ," ಅಂದಿದ್ದ. ಪ್ರೀತಿಯಿಂದಲೇ ಅಂದ. ಅಂದದ್ದನ್ನೆಲ್ಲ ತಂದೂ ಕೊಟ್ಟ. ಆದರೆ ಅಂದಿನಿಂದ ಸುಭದ್ರಮ್ಮನ ಬೆಂಗಳೂರು ಅಂದರೆ ಆ ಕೋಣೆ, ಅದರ ಮುಂದಿನ ಪ್ಯಾಸೇಜು, ಬಟ್ಟೆ ಒಣಹಾಕುವ ತಂತಿ, ಇಷ್ಟೇ. ಊರಿನಲ್ಲಿ ಹತ್ತಿ ಬಿಡಿಸಿ, ಮೆಣಸಿನಕಾಯಿ ಹೊಲ ಕಳೆ ತೆಗೆದು ಬಂದ ಹೆಂಗಸು ತಂತಿಯ ಕೆಳಗೆ ನಿಂತು ಹೋಗಿಬರುವವರನ್ನು ಎಣಿಸುವ ಸ್ಥಿತಿಗೆ ಬಂದಿದ್ದಳು.

ಇವತ್ತು ಎಣಿಸಲು ನಿಲ್ಲಲಿಲ್ಲ. ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟಿದಳು, ಹಸಿರು ಕುಬಸವನ್ನು ಅದರ ನಡುವೆ ಇಟ್ಟಳು, ಸೆರಗಿನ ಒಳಗೆ ಅವಚಿಕೊಂಡು ಬಾಗಿಲು ಹಾಕಿದಳು.

ಮನೆ ಎರಡನೇ ಮಹಡಿಯಲ್ಲಿ. ಮಹಡಿಯ ಮೇಲೆ ಮಹಡಿ ಏರಿಸಿಕೊಂಡು ಹೋದ ಓನರು ಮೆಟ್ಟಿಲಿಗೊಂದು ಕಂಬಿ ಹಾಕಿಸುವುದನ್ನು ಮಾತ್ರ ಪ್ರತಿ ವರ್ಷ ಮುಂದಿನ ವರ್ಷಕ್ಕೆ ಬಿಡುತ್ತಿದ್ದ. ಸುಭದ್ರಮ್ಮ ಗೋಡೆಗೆ ಅಂಗೈ ಒತ್ತಿ, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡುತ್ತಾ ಇಳಿದಳು. ಬೀದಿಗೆ ಬಂದಾಗ ಬೆವರು ಕಿತ್ತುಬಂದಿತ್ತು, ಆದರೆ ಒಳಗೊಳಗೇ ಹುಮ್ಮಸ್ಸೂ ಬಂದಿತ್ತು.

ಅವಳ ತಾಯಿಗೆ ಇವಳಿಗಿಂತ ಕೆಟ್ಟ ಮಂಡಿಯಿತ್ತು. ಆದರೂ ಇವಳ ಹೊಟ್ಟೆಯಲ್ಲಿ ದುರ್ಗೇಶನಿದ್ದಾಗ ಆ ಮುದುಕಿ ಕಳ್ಳ ಕುಬಸ ಕಟ್ಟಿಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಒಬ್ಬಳೇ ಬಂದಿದ್ದಳು. ಅವಳ ಕಾಲು ಗಟ್ಟಿಯಿತ್ತು ಅಂತಲ್ಲ, ಊರು ಹಾಗಿತ್ತು. ಒಂದು ಮನೆಯ ಗೋಡೆ ಮುಗಿಯುವಲ್ಲಿ ಇನ್ನೊಂದು ಮನೆಯ ಗೋಡೆ, ಹಿಡಿದುಕೊಂಡೇ ಬರಬಹುದಿತ್ತು. ಸುಸ್ತಾದರೆ ಕಟ್ಟೆ, ಕಟ್ಟೆಯ ಮೇಲೆ ಕೂತರೆ ಒಳಗಿನಿಂದ ಒಂದು ತಂಬಿಗೆ ನೀರು. ಎದುರಿಗೆ ಬಂಡಿ ಬಂದರೆ ಬಂಡಿಯವನೇ ಎತ್ತು ನಿಲ್ಲಿಸುತ್ತಿದ್ದ. ಇಲ್ಲಿ ಗೋಡೆಗೆ ಕೈ ಹಚ್ಚೋಣವೆಂದರೆ ನಡುವೆ ಸಾಲು ಸ್ಕೂಟರು. ಕೂರೋಣವೆಂದರೆ ಅಂಗಡಿಗಳ ಮೆಟ್ಟಿಲಂಚಿಗೆ ಮೊಳೆಯಂಥ ಕಂಬಿ ನೆಟ್ಟಿದ್ದಾರೆ. ನಾಯಿ ಕೂರಬಾರದು ಅಂತಲೋ, ಮುದುಕಿ ಕೂರಬಾರದು ಅಂತಲೋ, ಅವರನ್ನೇ ಕೇಳಬೇಕು.

ಆಟೊ ಹತ್ತಬಹುದಿತ್ತು. ಆದರೆ ಆಟೊದವನಿಗೆ ಓಣಿ, ವಠಾರ, ಯಾರ ಮನೆ ಅಂತ ಎಲ್ಲ ಹೇಳಬೇಕಲ್ಲ, ಕಳ್ಳ ಕುಬಸದ ಗತಿಯೇನು? ಬಸ್ಸಿನಲ್ಲಿ ಆ ತಾಪತ್ರಯವಿಲ್ಲ. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ "ಟಿನ್ ಫ್ಯಾಕ್ಟ್ರಿ" ಅಂದಳು, ಅಷ್ಟೇ. ಅದು ಸ್ಟಾಪಿನ ಹೆಸರು, ಮಗಳ ಮನೆಯ ಹೆಸರಲ್ಲ. ತಪ್ಪೇನಿಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಬಸ್ಸು ಫುಟ್‌ಪಾತಿನಿಂದ ಮಾರು ದೂರ, ನಡುರಸ್ತೆಯಲ್ಲೇ ನಿಂತಿತು. ಕೆಳಗಿನ ಮೆಟ್ಟಿಲಿಗೂ ನೆಲಕ್ಕೂ ಮೊಣಕಾಲೆತ್ತರದ ಅಂತರ. "ಬೇಗ ಇಳೀರಮ್ಮಾ, ಹಿಂದೆ ಗಾಡಿ ಐತೆ," ಅಂತ ಕಂಡಕ್ಟರು ಕೂಗುತ್ತಿದ್ದ. ಸುಭದ್ರಮ್ಮ ಬುತ್ತಿಯನ್ನು ಕಂಕುಳಿಗೆ ಸೇರಿಸಿ, ಹಿಂದುಮುಂದಾಗಿ ತಿರುಗಿ, ಬಾಗಿಲ ಕಂಬಿಗೆ ಜೋತುಬಿದ್ದು ಇಳಿದಳು. ಅವಳು ಪಕ್ಕಕ್ಕೆ ಸರಿಯುವ ಮುಂಚೆಯೇ ಒಂದು ಬೈಕು ಸೀರೆಯ ಅಂಚನ್ನು ಸವರಿಕೊಂಡು ಹೋಯಿತು.

ಎದುರಿಗೆ ಹಳೇ ಮದ್ರಾಸ್ ರಸ್ತೆ. ಅದರಾಚೆ ಮಗಳ ಓಣಿ. ವಠಾರದ ಮೇಲಿನ ನೀಲಿ ನೀರಿನ ಟ್ಯಾಂಕು ಕೂಡ ಕಾಣುತ್ತಿತ್ತು. ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೆ ಈ ಗದ್ದಲದಲ್ಲಿ ತನ್ನ ಕೂಗು ತನ್ನ ಕಿವಿಗೇ ಬೀಳುವುದಿಲ್ಲ. ಬಸ್ಸು, ಲಾರಿ, ಟ್ಯಾಂಕರು, ನಡುವೆ ಸಂದು ಸಿಕ್ಕಲ್ಲೆಲ್ಲ ಬೈಕುಗಳು. ಒಂದು ಹೆಜ್ಜೆ ಮುಂದಿಡುವುದು, ಹಾರ್ನಿಗೆ ಬೆಚ್ಚಿ ಎರಡು ಹೆಜ್ಜೆ ಹಿಂದಕ್ಕೆ ಬರುವುದು. ಹೀಗೆ ಎಷ್ಟು ಹೊತ್ತು ಮಾಡಿದಳೋ, ಪಕ್ಕದಲ್ಲಿ ಕೊರಳಿಗೆ ಆಫೀಸಿನ ಕಾರ್ಡು ತೂಗಿಸಿಕೊಂಡಿದ್ದ ಒಬ್ಬ ಹುಡುಗಿ ನೋಡಿದಳು.

"ಆಂಟಿ, ಕ್ರಾಸ್ ಮಾಡ್ಬೇಕಾ? ಎಲ್ಲಿಗೆ ಹೋಗ್ತಿದ್ದೀರಾ?"

"ಆ ಕಡಿಗವ್ವ," ಅಂದಳು ಸುಭದ್ರಮ್ಮ, ಅಷ್ಟೇ.

ಹುಡುಗಿ ಒಳ್ಳೆಯವಳು. ಕಿವಿಯಲ್ಲಿ ಫೋನಿನ ಮಾತು ನಡೆಯುತ್ತಿದ್ದರೂ ಇವಳ ಕೈ ಹಿಡಿದಳು, ಇನ್ನೊಂದು ಕೈಯನ್ನು ಬಸ್ಸುಗಳ ಮುಂದೆ ಚಾಚಿ ದರದರನೆ ನಡೆದಳು. ನಡುವಿನ ಡಿವೈಡರ್ ಮುಟ್ಟಿದರು. ಅಷ್ಟರಲ್ಲಿ ಹಿಂದುಗಡೆ ಅವಳ ಬಸ್ಸು ಬಂತು. "ಸಾರಿ ಆಂಟಿ, ನನ್ ಬಸ್ಸು, ಇದ್ ಮಿಸ್ ಆದ್ರೆ ಕಷ್ಟ," ಅಂತ ಕೈ ಬಿಟ್ಟು ಓಡಿಯೇ ಬಿಟ್ಟಳು.

ಸುಭದ್ರಮ್ಮ ನಡುರಸ್ತೆಯಲ್ಲಿ ನಿಂತಳು. ಮುಂದೆ ಹೋಗಲು ಕಬ್ಬಿಣದ ಬ್ಯಾರಿಕೇಡು, ಅದರ ಸಂದಿನಲ್ಲಿ ತೂರಿದರೆ ಆ ಕಡೆಯಿಂದ ಬರುವ ಗಾಡಿಗಳು. ಹಿಂದೆ ಈ ಕಡೆಯಿಂದ ಬರುವ ಗಾಡಿಗಳು. ಪಾದ ಇಡುವಷ್ಟು ಅಗಲದ ಜಾಗ. ಒಂದೊಂದು ಲಾರಿ ಹೋದಾಗಲೂ ಗಾಳಿ ಅವಳನ್ನು ಬ್ಯಾರಿಕೇಡಿಗೆ ಒತ್ತುತ್ತಿತ್ತು. ಅಳು ಬಂದುಬಿಟ್ಟಿತು. ನಾಚಿಕೆಯೂ ಆಯಿತು, ಇಷ್ಟು ಮಂದಿಯ ಮುಂದೆ ಅಳುವುದಾ ಅಂತ.

ಪೀಪಿ ಊದುತ್ತಾ ಟ್ರಾಫಿಕ್ ಪೊಲೀಸಿನವನು ಬಂದ. "ಏನಜ್ಜಿ, ಸಾಯೋಕ್ ಬಂದಿದ್ದೀರಾ ಇಲ್ಲಿ? ಎಲ್ಲಿಗ್ ಹೋಗ್ಬೇಕು?"

ಸುಭದ್ರಮ್ಮ ಸೆರಗನ್ನು ಇನ್ನಷ್ಟು ಬಿಗಿ ಹಿಡಿದಳು.

"ಕೇಳಿಸ್ತಿಲ್ವಾ? ಎಲ್ಲಿಗೆ ಅಂತ ಕೇಳ್ತಿದ್ದೀನಿ." ಅವನ ದನಿ ಸ್ವಲ್ಪ ಮೆತ್ತಗಾಯಿತು. "ಹೋಗ್ಲಿ, ಮನೆ ಎಲ್ಲಿ ನಿಮ್ದು?"

ಮನೆಯ ವಿಷಯ ಹೇಳಿದರೆ ತಪ್ಪಿಲ್ಲ. "ರಾಮಮೂರ್ತಿ ನಗರರೀ," ಅಂದಳು.

ಅಯ್ಯೋ, ಆ ಒಂದು ಮಾತಿಗೆ ಆ ಪುಣ್ಯಾತ್ಮ ಏನು ಮಾಡಬೇಕು? ಇವಳ ರಟ್ಟೆ ಹಿಡಿದ, ಪೀಪಿ ಊದಿದ, ಅಷ್ಟೂ ಗಾಡಿಗಳನ್ನು ನಿಲ್ಲಿಸಿದ. ದೇವರು ಸಿಕ್ಕ ಹಾಗೆ ಸಿಕ್ಕ ಆ ಸಂದಿನಲ್ಲಿ, ಬಂದ ಕಡೆಗೇ ಅವಳನ್ನು ವಾಪಸು ಕರೆದುಕೊಂಡು ಹೋಗಿ ಬಿಟ್ಟ. "ರೀ, ಆ ಕಡಿಗೆ, ಆ ಕಡಿಗೆ," ಅಂತ ಇವಳು ಎಳೆದಾಡಿದ್ದು ಅವನಿಗೆ ಮುದುಕಿಯ ಮರೆವು ಅಂತ ಕಂಡಿರಬೇಕು. "ನಿಮ್ಮನೆ ಇರೋದು ಈ ಕಡೇನೇ ಅಜ್ಜಿ. ಇಲ್ಲೇ ನಿಂತ್ಕೊಳ್ಳಿ. ರೋಡ್ ದಾಟ್ಲೇಬೇಕು ಅಂದ್ರೆ ಅಗೋ, ಸ್ಕೈವಾಕ್ ಇದೆ, ಲಿಫ್ಟೂ ಇದೆ," ಅಂದು ಹೋದ.

ಲಿಫ್ಟ್ ಇತ್ತು, ನಿಜ. ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಒಳಗೆ ಕಸಬರಿಗೆ, ಬಕೆಟ್ಟು, ಅರ್ಧ ಉಳಿದ ಸಿಮೆಂಟು ಚೀಲ ಹಾಯಾಗಿ ನಿಂತಿದ್ದವು. ಪಕ್ಕದಲ್ಲಿ ಮೆಟ್ಟಿಲು, ತಲೆ ಎತ್ತಿ ನೋಡಿದರೆ ಕೊರಳು ನೋಯುವಷ್ಟು.

ಈಗ ನೀವೇ ಆಗಿದ್ದರೆ ಮನೆಗೆ ಹೋಗಿಬಿಡುತ್ತಿದ್ದಿರಿ. ಸುಭದ್ರಮ್ಮ ಹತ್ತಿದಳು. ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಬಲಗಾಲು ಮೇಲಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡು ಹತ್ತಿದಳು. ಉಸಿರು ಕಟ್ಟಿದಾಗ ಅಲ್ಲೇ ಕೂತಳು. "ದಾರೀಲಿ ಕೂತ್ಕೋಬೇಡಿ ಅಜ್ಜಿ," ಅಂದವರಿಗೆ ತಲೆಯಾಡಿಸಿ ಮತ್ತೆ ಎದ್ದಳು. ಮಂಡಿಯೊಳಗೆ ಯಾರೋ ಕಾದ ಸೌಟು ಇಟ್ಟ ಹಾಗೆ ಉರಿಯುತ್ತಿತ್ತು. ಕೊನೆಗೂ ಮೇಲೆ ಬಂದಾಗ ಅವಳಿಗಾದ ಖುಷಿ ಹೇಳತೀರದು. ಕಾಲ ಕೆಳಗೆ ಅಷ್ಟೂ ಲಾರಿಗಳು, ಬಸ್ಸುಗಳು. ತಾನು ಅವುಗಳ ತಲೆಯ ಮೇಲೆ ನಡೆದು ಹೋಗುತ್ತಿದ್ದೇನೆ! ಗಾಳಿ ತಣ್ಣಗೆ ಬೀಸಿತು. ಗೆದ್ದೆ ಅಂದುಕೊಂಡಳು. ಆ ತುದಿಗೆ ಬಂದು, ಇಳಿಯುವ ಮೆಟ್ಟಿಲಿನ ಮುಂದೆ ನಿಂತಾಗ ಮಗಳ ಓಣಿಯ ಬಾಯಿ ನೇರವಾಗಿ ಕೆಳಗೇ ಕಾಣುತ್ತಿತ್ತು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಅಂತ ಮಂಡಿ ನೆಟ್ಟಗಿರುವವರಿಗೆ ಗೊತ್ತಿರುವುದಿಲ್ಲ. ಈ ಕಡೆಯ ಮೆಟ್ಟಿಲು ಇನ್ನೂ ಕಡಿದಾಗಿತ್ತು. ಹಿಡಿಯುವ ಕಂಬಿಯನ್ನು ಮೇಲಿನ ಅರ್ಧಕ್ಕೆ ಯಾರೋ ಕಿತ್ತುಕೊಂಡು ಹೋಗಿದ್ದರು, ಬುಡದ ಮೊಂಡುಗಳಷ್ಟೇ ಉಳಿದಿದ್ದವು. ಸುಭದ್ರಮ್ಮ ಒಂದು ಕಾಲು ಕೆಳಗಿಟ್ಟಳು. ಮಂಡಿ ಕಳಚಿದ ಹಾಗಾಯಿತು. ತಕ್ಷಣ ಧೊಪ್ಪನೆ ಕೂತಳು, ಇಲ್ಲದಿದ್ದರೆ ಉರುಳಿಯೇ ಹೋಗುತ್ತಿದ್ದಳು. ಆಮೇಲೆ ಏಳಲು ನೋಡಿದರೆ ಕಾಲು ಕೇಳಲಿಲ್ಲ. ಕೆಳಗೂ ಇಲ್ಲ, ಮೇಲೂ ಇಲ್ಲ.

ಜನ ಎರಡೂ ಪಕ್ಕದಿಂದ ಹರಿದು ಹೋಗುತ್ತಿದ್ದರು. ಕೆಲವರು ನಿಂತು ಕೇಳಿದರು ಕೂಡ, ಮನುಷ್ಯರು ಇಲ್ಲ ಅಂತಲ್ಲ. ಕನ್ನಡದಲ್ಲಿ ಕೇಳಿದವರಿಗೆ ಉತ್ತರ ಸಿಗದೇ ಇದ್ದುದನ್ನು ನೋಡಿ ಒಬ್ಬಾಕೆ ತಮಿಳಿನಲ್ಲಿ "ಎಂಗ ಪೋಗಣುಂ ಪಾಟಿ?" ಅಂದಳು. ಇನ್ನೊಬ್ಬ "ಕಹಾಂ ಜಾನಾ ಹೈ ಅಮ್ಮಾ?" ಅಂದ. ಮೂರು ಭಾಷೆಯಲ್ಲೂ ಎಲ್ಲಿಗೆ ಅಂತಲೇ ಕೇಳುತ್ತಿದ್ದಾರೆ ಅಂತ ಅವಳಿಗೆ ತಿಳಿಯಿತು. ಇಳಿಸಿರಿ ಅಂದರೂ ಯಾರ ಮನೆಗೆ ಅನ್ನುತ್ತಾರೆ ಅಂತ ತುಟಿ ಬಿಗಿದು ತಲೆಯಾಡಿಸಿದಳು. ಇಷ್ಟು ದೂರ ಕಾಪಾಡಿಕೊಂಡು ಬಂದದ್ದನ್ನು ಹೊಸಿಲ ಹತ್ತಿರ ಬಂದು ಕೆಡಿಸಿಕೊಳ್ಳುವುದೇ?

ಹೊತ್ತು ಏರಿತು. ಬಿಸಿಲು ನೆತ್ತಿಗೆ ಬಂತು. ಬುತ್ತಿಯ ರೊಟ್ಟಿ ಒಣಗುತ್ತಿರಬೇಕು ಅನ್ನಿಸಿದಾಗ ಅವಳ ಧೈರ್ಯ ಕುಸಿಯಿತು. ಬಟನ್ ಫೋನು ತೆಗೆದು ಮಗಳಿಗೆ ಹಚ್ಚಿದಳು.

"ಸುಕನ್ಯಾ, ನಾನು ಇಲ್ಲೇ ಅದೀನಿ. ಬ್ರಿಜ್ಜಿನ ಮ್ಯಾಲ. ಇಳಿಯಾಕ ಆಗವಲ್ದು. ಯಾರನ್ನರ ಕಳಿಸು."

"ಬ್ರಿಜ್ಜಿನ ಮ್ಯಾಲ? ಒಬ್ಬಾಕಿನ? ಯಾಕ ಬಂದೀಬೇ? ಅಣ್ಣಗ ಗೊತ್ತೈತೇನು?"

"ಅದೆಲ್ಲ ಕೇಳಬ್ಯಾಡ."

"ಯವ್ವಾ, ಏನಾಗೇತಿ ಹೇಳು. ಮತ್ತ ಬಿದ್ದೀಯೇನು?"

ಬಿದ್ದಿಲ್ಲ ಅಂದರೆ ಮುಂದಿನ ಪ್ರಶ್ನೆ ಯಾಕೆ ಬಂದೆ ಅಂತ. "ಹೇಳಾಕ ಬರಂಗಿಲ್ಲ ತಾಯಿ. ಯಾರನ್ನರ ಕಳಿಸು, ನೀ ಬರಬ್ಯಾಡ..."

ಮಾತು ಮುಗಿಯುವ ಮುಂಚೆಯೇ ಆ ಕಡೆ ಫೋನು ಕಟ್ಟಾಗಿತ್ತು. ಆಮೇಲೆ ಎಷ್ಟು ಹಚ್ಚಿದರೂ ಎತ್ತಲಿಲ್ಲ.

ವಠಾರದಲ್ಲಿ ಆ ಹೊತ್ತಿಗೆ ಯಾರಿರುತ್ತಾರೆ? ಎಲ್ಲರೂ ದುಡಿಯುವ ಮಂದಿ. ಕಳಿಸಲು ಒಂದು ನರಪಿಳ್ಳೆಯೂ ಇರಲಿಲ್ಲ ಅಂತ ಸುಭದ್ರಮ್ಮನಿಗೆ ಹೊಳೆದದ್ದು, ಓಣಿಯ ಬಾಯಿಯಲ್ಲಿ ಹಳದಿ ನೈಟಿಯ ಮೇಲೆ ದುಪ್ಪಟ್ಟಾ ಹೊದ್ದು, ಹೊಟ್ಟೆಗೆ ಒಂದು ಕೈ ಕೊಟ್ಟುಕೊಂಡು ಬರುತ್ತಿದ್ದ ಮಗಳನ್ನು ಕಂಡಾಗ. ನಡೆಯುತ್ತಿರಲಿಲ್ಲ, ಓಡುತ್ತಲೇ ಇದ್ದಳು.

"ಬ್ಯಾಡ! ಸುಕನ್ಯಾ, ಹತ್ತಬ್ಯಾಡ! ಅಲ್ಲೇ ನಿಲ್ಲು!"

ಕೆಳಗೆ ಒಂದು ಬಸ್ಸು ಹಾರ್ನು ಒತ್ತಿ ಹಿಡಿದಿತ್ತು. ಸುಕನ್ಯ ತಲೆ ಎತ್ತಿ ನೋಡಿದಳು. ತಾಯಿ ಕೈ ಬೀಸುತ್ತಿರುವುದು ಕಂಡಿತು. ಕರೆಯುತ್ತಿದ್ದಾಳೆ ಅಂದುಕೊಂಡಳೋ ಏನೋ, ಇನ್ನೂ ಬೇಗ ಬಂದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಸುಭದ್ರಮ್ಮನ ಜೀವ ಬಾಯಿಗೆ ಬಂತು. ನಿಲ್ಲಲಾಗದಿದ್ದರೇನು, ಕೂತಲ್ಲಿಂದಲೇ ಕುಂಡಿ ಜಾರಿಸಿ ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು. ಅವಳು ಒಂದು ಇಳಿಯುವಷ್ಟರಲ್ಲಿ ಮಗಳು ನಾಲ್ಕು ಹತ್ತುತ್ತಿದ್ದಳು. "ಅಕೀನ್ನ ನಿಲ್ಲಸ್ರೀ," ಅಂತ ಪಕ್ಕದಲ್ಲಿ ಇಳಿಯುತ್ತಿದ್ದವನ ಪ್ಯಾಂಟು ಹಿಡಿದಳು. ಅವನು ಬೆಚ್ಚಿ ಕಾಲು ಕಿತ್ತುಕೊಂಡ.

ಬಂದೇಬಿಟ್ಟಳು. ಏದುಸಿರು ಬಿಡುತ್ತಾ ತಾಯಿಯ ಪಕ್ಕದಲ್ಲಿ ಕೂತು, ಕಾಲು, ಸೊಂಟ, ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

"ಎಲ್ಲಿ ಬಿದ್ದಿ? ಎಲ್ಲಿ ನೋಯ್ತೈತಿ?"

"ಬಿದ್ದಿಲ್ಲಬೇ ನಾ. ನೀ ಯಾಕ ಹತ್ತಿದಿ? ಡಾಕ್ಟರು ಏನ್ ಹೇಳ್ಯಾರ? ಬುದ್ಧಿ ಎಲ್ಲಿಟ್ಟಿದ್ದಿ?"

"ಮತ್ಯಾಕ ಬಂದಿ ಈ ಬಿಸಲಾಗ?" ಅಂದವಳ ಕಣ್ಣು ಸೆರಗಿನಿಂದ ಇಣುಕುತ್ತಿದ್ದ ಗಂಟಿನ ಮೇಲೆ ಬಿತ್ತು. ಹಸಿರು ಬಟ್ಟೆಯ ಅಂಚು ಕಂಡಿತು. ಸುಕನ್ಯ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ನಗು ಬಂತು, ನಗುವಿನ ಜೊತೆಗೇ ಕಣ್ಣೀರೂ ಬಂತು. "ಇದಕ್ಕನ? ಇದಕ್ಕಾಗಿ ಇಷ್ಟ್ ದೂರ ಬಂದೀಯೇನಬೇ ಯವ್ವಾ?"

ಸುಭದ್ರಮ್ಮನಿಗೂ ಅಳು ತಡೆಯಲಿಲ್ಲ. ಬೈಯಬೇಕು ಅಂತಿತ್ತು, ಅಪ್ಪಿಕೊಳ್ಳಬೇಕು ಅಂತಲೂ ಇತ್ತು. ಮಗಳ ಹಣೆಯ ಬೆವರನ್ನು ಅಂಗೈಯಿಂದ ಒರೆಸಿದಳು.

"ಹಾಕು ತುತ್ತು," ಅಂದಳು ಸುಕನ್ಯ. "ಇಲ್ಲೇ ಹಾಕಿಬಿಡು. ಹೊಟ್ಟಿ ಹಸದೈತಿ ನಂಗೂ."

"ಹೊಸಿಲು ದಾಟಬೇಕವ್ವಾ."

"ಎಷ್ಟ್ ದಾಟತೀ? ಇಷ್ಟ್ ದಾಟಿದ್ದು ಸಾಲದೇನು?"

ಆ ಮಾತಿಗೆ ಸುಭದ್ರಮ್ಮ ಸೋತಳು. ಗಂಟು ಬಿಚ್ಚಿದಳು. ಹೋಳಿಗೆ ಮುರಿದು, ತುಪ್ಪದ ಕೈಯಿಂದ ಒಂದು ತುತ್ತು ಮಾಡಿ ಎತ್ತಿದಳು. ಸುಕನ್ಯ ಬಾಯಿ ತೆರೆದವಳು ಹಾಗೇ ತಡೆದುಬಿಟ್ಟಳು. ಮುಖ ಬಿಳಿಚಿತು. ಎರಡೂ ಕೈ ಕಿಬ್ಬೊಟ್ಟೆಗೆ ಹೋದವು.

"ಏನಾತು?"

"ಏನಿಲ್ಲ. ಒಂದೀಟು ಹಿಡಕೊಂಡಂಗಾತು." ತುಟಿ ಕಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಾಗಿದಳು, ಈ ಸಲ ತಾಯಿಯ ತೋಳನ್ನು ಉಗುರು ನಾಟುವ ಹಾಗೆ ಹಿಡಿದಿದ್ದಳು. "ಯವ್ವಾ, ಹೋದ ಸಲದಂಗ ಆಗಾಕತ್ತೈತಿ."

ತುತ್ತು ಕೈಯಿಂದ ಜಾರಿ ಮೆಟ್ಟಿಲ ಮೇಲೆ ಬಿತ್ತು. ಬೆಳಗಿನಿಂದ ತುಟಿ ಬಿಗಿದುಕೊಂಡಿದ್ದ ಸುಭದ್ರಮ್ಮ ಗಂಟಲು ಹರಿಯುವ ಹಾಗೆ ಕೂಗಿದಳು. "ಯಾರರ ಬರ್ರೆಪ್ಪೋ! ನನ್ನ ಮಗಳು ಬಸರಿ ಅದಾಳ್ರೀ! ಕಳ್ಳ ಕುಬಸ ತಂದಿದ್ನಿರೀ! ಹಾಳಾದ ಮೆಟ್ಟಿಲು ಹತ್ತಿಸಿಬಿಟ್ನಿ ಅಕೀನ್ನ, ಯಾರರ ಇಳಿಸ್ರೆಪ್ಪಾ!"

ಈಗ ಜನ ನಿಂತರು. ಬುಡದಲ್ಲಿ ತಳ್ಳುಗಾಡಿಯಲ್ಲಿ ಅನಾನಸು ಕೊಯ್ದು ಮಾರುತ್ತಿದ್ದ ಅಫ್ಜಲ್ ಚಾಕು ಬಿಸಾಕಿ, ತಾನು ಕೂರುವ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಓಡಿ ಬಂದ. "ಅರೇ, ಸೈಡ್ ಬಿಡ್ರೀ! ನೀವ್ ಹಿಂದ್ಗಡೆ ಹಿಡ್ಕೊಳ್ಳಿ, ಸಾರ್, ನೀವ್ ಈ ಕಾಲ್ ಹಿಡೀರಿ. ಹುಷಾರು, ಹುಷಾರು." ನಾಲ್ಕು ಜನ ಸೇರಿ ಸುಕನ್ಯಳನ್ನು ಕುರ್ಚಿಯ ಸಮೇತ ಎತ್ತಿ ಇಳಿಸಿದರು. ಒಬ್ಬ ಹೆಂಗಸು ಅವಳ ತಲೆಗೆ ಕೈ ಕೊಟ್ಟು ಜೊತೆಗೇ ಇಳಿದಳು. ನೋಡನೋಡುತ್ತ ಅವರು ಕೆಳಗೆ ಮುಟ್ಟಿದರು. ಇಳಿಯುವುದು ಎಷ್ಟು ಸಲೀಸು, ಕಾಲಿದ್ದವರಿಗೆ!

ಆಟೊ ನಿಂತಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಮತ್ತೊಂದು ಬಸ್ಸು, ಎಲ್ಲವೂ ಒಟ್ಟಿಗೆ ಹಾರ್ನು ಹೊಡೆದವು. "ಜೊತೆಗ್ ಯಾರಿದ್ದಾರೆ?" ಅಂದ ಆಟೊದವನು.

"ಅವ್ರ ತಾಯಿ ಮೇಲಿದ್ದಾರೆ, ಒಂದ್ ನಿಮಿಷ," ಅಂದ ಅಫ್ಜಲ್.

"ಬಂದೆ, ಬಂದೆ, ತಡೀರೆಪ್ಪಾ," ಅಂತ ಸುಭದ್ರಮ್ಮ ಕುಂಡಿಯ ಮೇಲೆ ಜಾರುತ್ತಿದ್ದಳು. ಸೀರೆ ಮೊಣಕಾಲಿಗೆ ಬಂದದ್ದೂ ತಿಳಿಯಲಿಲ್ಲ. ಒಂದು ಮೆಟ್ಟಿಲು. ಮಂಡಿ ಮಡಚುವುದು, ಕೈ ಊರುವುದು, ಜಾರುವುದು. ಇನ್ನೊಂದು ಮೆಟ್ಟಿಲು. ಆಟೊದಿಂದ ಸುಕನ್ಯ ಕತ್ತು ಹೊರಳಿಸಿ ಮೇಲೆ ನೋಡಿದಳು, "ಯವ್ವಾ" ಅಂದಿರಬೇಕು, ಬಾಯಿ ಆಡಿದ್ದಷ್ಟೇ ಕಂಡಿತು. ಪೊಲೀಸಿನ ಪೀಪಿ ಜೋರಾಯಿತು. "ಎಷ್ಟೊತ್ತು ಅಂತ ನಿಲ್ಸೋದು ಗುರು? ಆ ಅಜ್ಜಿ ಇಳಿಯೋದ್ರೊಳಗೆ ಈಯಮ್ಮ ಇಲ್ಲೇ ಹೆಚ್ಚೂಕಮ್ಮಿ ಆಗೋಗ್ತಾರೆ," ಅಂದ ಆಟೊದವನು. ಅವನ ಮಾತೂ ಸುಳ್ಳಲ್ಲ. ತಲೆಗೆ ಕೈ ಕೊಟ್ಟಿದ್ದ ಆ ಗುರುತಿಲ್ಲದ ಹೆಂಗಸೇ ಹತ್ತಿ ಕೂತಳು. ಆಟೊ ಹೊರಟಿತು.

"ಯಾವ ದವಾಖಾನಿಗೆ ಒಯ್ಯಾಕತ್ತೀರಿ?" ಅಂತ ಸುಭದ್ರಮ್ಮ ಕೂಗಿದಳು.

ಅಫ್ಜಲ್ ಆಟೊದ ಹಿಂದೆ ಸ್ವಲ್ಪ ದೂರ ಓಡಿ, ಕೈ ಚೆಲ್ಲಿ ನಿಂತ. ಅವನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಪೊಲೀಸಿನವನು ಗಾಡಿ ತೆಗಿ ಅಂತ ಅವನ ಅನಾನಸಿನ ಗಾಡಿಯನ್ನು ಲಾಠಿಯಿಂದ ಬಡಿಯತೊಡಗಿದ. "ಅಲ್ಲೇ ಇರಿ ಅಮ್ಮಾ, ಬಂದೆ," ಅಂತ ಮೇಲೆ ಕೂಗಿ ಅವನು ಅತ್ತ ಓಡಿದ. ಜನ ಚದುರಿದರು.

ಫೋನು ಮಾಡಬೇಕು, ಎಲ್ಲಿಗೆ ಅಂತ ಅವಳನ್ನೇ ಕೇಳಬೇಕು. ಸುಭದ್ರಮ್ಮ ಬಟನ್ ಒತ್ತಿ ಕಿವಿಗೆ ಹಿಡಿದಳು. ರಿಂಗಾಯಿತು. ಬೆನ್ನ ಹಿಂದೆ, ಮಗಳು ಕೂತಿದ್ದ ಮೇಲಿನ ಮೆಟ್ಟಿಲ ಮೇಲೆ, ಸುಕನ್ಯಳ ಫೋನು ಬಡಿದುಕೊಳ್ಳತೊಡಗಿತು. ಅದನ್ನು ತೆಗೆದುಕೊಳ್ಳಬೇಕೆಂದರೆ ಅವಳು ಮತ್ತೆ ಮೇಲೆ ಹತ್ತಬೇಕಿತ್ತು.